ಟ್ರಕ್ ಬಂದಾಗ ಯಾರ ಕೈ ಯಾರನ್ನು ಹಿಡಿಯಿತು: ಸ್ಟಾರ್ ಟ್ರೆಕ್‌ನ ಒಂದು ಕಂತು, ಎರಡು ಸ್ಕ್ರಿಪ್ಟ್

1930ರ ನ್ಯೂಯಾರ್ಕ್, ರಾತ್ರಿ ಹೊತ್ತು. ಬಡವರಿಗಾಗಿ ಅನ್ನಛತ್ರ ನಡೆಸುವ ಎಡಿತ್ ಕೀಲರ್ ತಾನು ಮನಸೋತ ಕರ್ಕ್ ಎಂಬ ಗಂಡಸಿನ ಜೊತೆ ನಡೆಯುತ್ತಿದ್ದಾಳೆ. ಬೇಗ ಹೋದರೆ ಕ್ಲಾರ್ಕ್ ಗೇಬಲ್ ಸಿನಿಮಾ ಸಿಗುತ್ತದೆ ಅನ್ನುತ್ತಾಳೆ. ಅವನಿಗೆ ಗೇಬಲ್ ಯಾರೆಂದೇ ಗೊತ್ತಿಲ್ಲ. ಡಾಕ್ಟರ್ ಮೆಕಾಯ್ ಕೂಡ ಹೀಗೇ ಅಂದರು ಎಂದು ಅವಳು ಅಚ್ಚರಿಪಡುತ್ತಾಳೆ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಕರ್ಕ್ ಬೆಚ್ಚುತ್ತಾನೆ. ಇಲ್ಲೇ ನಿಂತಿರು ಎಂದು ಹೇಳಿ ರಸ್ತೆಯ ಆ ಬದಿಗೆ ಓಡುತ್ತಾನೆ. ಅನ್ನಛತ್ರದ ಬಾಗಿಲಿನಿಂದ ಮೆಕಾಯ್ ಹೊರಬರುತ್ತಾನೆ. ಕರ್ಕ್, ಸ್ಪಾಕ್, ಮೆಕಾಯ್ ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಾರೆ. ಇವರಿಗೆ ಇಷ್ಟೊಂದು ಸಂತೋಷ ಯಾಕೆ ಎಂಬ ಕುತೂಹಲದಲ್ಲಿ ಎಡಿತ್ ರಸ್ತೆಗೆ ಇಳಿಯುತ್ತಾಳೆ. ಟ್ರಕ್ ಬರುತ್ತಿರುವುದು ಅವಳಿಗೆ ಕಾಣುವುದಿಲ್ಲ.

ಕರ್ಕ್ ತಿರುಗಿ ಒಂದು ಹೆಜ್ಜೆ ಮುಂದಿಡುತ್ತಾನೆ. ಬೇಡ ಎಂದು ಸ್ಪಾಕ್ ಕೂಗುತ್ತಾನೆ. ಕರ್ಕ್ ನಿಲ್ಲುತ್ತಾನೆ. ಮೆಕಾಯ್ ನುಗ್ಗುತ್ತಾನೆ, ಕರ್ಕ್ ಅವನನ್ನು ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದುಬಿಡುತ್ತಾನೆ. ಬ್ರೇಕಿನ ಸದ್ದು, ಒಂದು ಚೀತ್ಕಾರ. ಕರ್ಕ್ ಆ ಕಡೆ ನೋಡುವುದಿಲ್ಲ, ಅವನ ಕಣ್ಣು ಮುಚ್ಚಿದೆ. ಬೇಕೆಂದೇ ತಡೆದೆಯಲ್ಲ, ಏನು ಮಾಡಿದೆ ಗೊತ್ತೇ ನಿನಗೆ ಎಂದು ಮೆಕಾಯ್ ಕೇಳುತ್ತಾನೆ. ಕರ್ಕ್ ಬಾಯಿಂದ ಮಾತು ಹೊರಡುವುದಿಲ್ಲ. ಅವನ ಪರವಾಗಿ ಸ್ಪಾಕ್ ಉತ್ತರ ಕೊಡುತ್ತಾನೆ: ಅವನಿಗೆ ಗೊತ್ತು, ಡಾಕ್ಟರ್.

‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಈ ಕಂತು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1967ರ ಏಪ್ರಿಲ್ 6ರಂದು ಪ್ರಸಾರವಾಯಿತು. ಸ್ಟಾರ್ ಟ್ರೆಕ್ 23ನೇ ಶತಮಾನದ ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ಕಥೆ. ಕರ್ಕ್ ಅದರ ಕ್ಯಾಪ್ಟನ್, ಸ್ಪಾಕ್ ಅವನ ಕೆಳಗಿನ ಅಧಿಕಾರಿ, ಮೆಕಾಯ್ ಡಾಕ್ಟರ್. ಮೂವರೂ ಕಾಲದಲ್ಲಿ ಹಿಂದಕ್ಕೆ ಬಂದವರು. ಎಡಿತ್ ಬದುಕಿದರೆ ಚರಿತ್ರೆ ಕೆಡುತ್ತದೆ ಎಂದು ಕರ್ಕ್‌ಗೆ, ಸ್ಪಾಕ್‌ಗೆ ಗೊತ್ತು, ಮೆಕಾಯ್‌ಗೆ ಗೊತ್ತಿಲ್ಲ. ಸ್ಟಾರ್ ಟ್ರೆಕ್‌ನ ಅತ್ಯುತ್ತಮ ಕಂತು ಯಾವುದು ಎಂಬ ಮಾತು ಬಂದಾಗಲೆಲ್ಲ ಅಭಿಮಾನಿಗಳು ಮೊದಲು ಎತ್ತುವ ಹೆಸರುಗಳಲ್ಲಿ ಇದೂ ಒಂದು. ಶುರುವಿನಲ್ಲೇ ಬರೆದವರು ಹಾರ್ಲನ್ ಎಲಿಸನ್ ಎಂಬ ಅಕ್ಷರಗಳು ತೆರೆಯ ಮೇಲೆ ಮೂಡುತ್ತವೆ. ಆದರೆ ಎಲಿಸನ್ ಬರೆದುಕೊಟ್ಟ ಸ್ಕ್ರಿಪ್ಟಿನಲ್ಲಿ ಆ ರಸ್ತೆಯಲ್ಲಿ ಮೆಕಾಯ್ ಇಲ್ಲ. ಅಲ್ಲಿ ಎಡಿತ್‌ಳನ್ನು ಉಳಿಸಲು ನುಗ್ಗುವವನು ಒಬ್ಬ ಕೊಲೆಗಾರ. ಅವನನ್ನು ತಡೆಯುವವನು ಕರ್ಕ್ ಅಲ್ಲ, ಸ್ಪಾಕ್. ಅರ್ಧ ಶತಮಾನಕ್ಕೂ ಮೀರಿ ನಡೆದಿರುವ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಕೆಲವೇ ಸೆಕೆಂಡುಗಳ ಮೇಲೆ.

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಬದುಕುವವನು. ನನ್ನ ಸೀನುಗಳನ್ನು ಬೇರೆಯವರು ತಿದ್ದಿದ್ದಾರೆ, ಬೇರೆಯವರ ಸೀನುಗಳನ್ನು ನಾನೂ ತಿದ್ದಿದ್ದೇನೆ. ಹಾಗಾಗಿ ಈ ಪ್ರಕರಣ ನನಗೆ ದೂರದ ಹಾಲಿವುಡ್ಡಿನ ಜಗಳವಾಗಿ ಕಾಣುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಕರ್ಕ್, ಸ್ಪಾಕ್ ಪರಿಚಯವಾದದ್ದು 80ರ ದಶಕದ ದೂರದರ್ಶನದಲ್ಲಿ. ಆಗ ಬರೆದವರು ಯಾರೆಂದು ನಾವು ನೋಡುತ್ತಲೇ ಇರಲಿಲ್ಲ.

ಸ್ಕ್ರಿಪ್ಟ್ ಬಂದ ದಾರಿ

1966ರಲ್ಲಿ ಸ್ಟಾರ್ ಟ್ರೆಕ್ ಇನ್ನೂ ತೆರೆಗೆ ಬರುವ ಮೊದಲೇ ಅದರ ಜನಕ ಜೀನ್ ರಾಡೆನ್‌ಬೆರಿ ಹೆಸರಾಂತ ವಿಜ್ಞಾನ ಕಥೆಗಾರರನ್ನು ಬರೆಯಲು ಕರೆದರು. ಆಗ 31ರ ಪ್ರಾಯದ ಎಲಿಸನ್ ಅವರಲ್ಲಿ ಒಬ್ಬರು. ಏಮಿ ಸೆಂಪಲ್ ಮೆಕ್‌ಫರ್ಸನ್ ಎಂಬ ಧರ್ಮ ಪ್ರಚಾರಕಿಯ ಜೀವನದ ಬಗ್ಗೆ ಓದುತ್ತಿದ್ದಾಗ ಅವರಿಗೆ ಎಳೆ ಹೊಳೆಯಿತು: ಬೀದಿಯಲ್ಲಿ ನಿಂತು ಒಳ್ಳೆಯ ಮಾತು ಹೇಳುವ ಒಬ್ಬ ಹೆಂಗಸು, ಅವಳು ಬದುಕಿದರೆ ಚರಿತ್ರೆ ಕೆಡುತ್ತದೆ, ಅವಳನ್ನು ಪ್ರೀತಿಸಿದವನಿಗೆ ಅದು ಗೊತ್ತು.

ಮೊದಲ ಕರಡು ಜೂನ್‌ನಲ್ಲಿ ಬಂತು. ಎಲಿಸನ್ ಹೇಳಿದ ಸಮಯಕ್ಕೆ ಬರೆದುಕೊಡುವವರಲ್ಲ. ಸಹ ನಿರ್ಮಾಪಕ ರಾಬರ್ಟ್ ಜಸ್ಟ್‌ಮನ್ ಅವರನ್ನು ಸ್ಟುಡಿಯೋದ ಕೋಣೆಯಲ್ಲೇ ಕೂರಿಸಿ ಬರೆಸಬೇಕಾಯಿತಂತೆ, ಎಲಿಸನ್ ಕಿಟಕಿಯಿಂದ ಹಾರಿ ಸೆಟ್ ನೋಡಲು ಹೋಗುತ್ತಿದ್ದರಂತೆ. ಈ ಕಥೆಯನ್ನು ಆ ಕಾಲದವರು ಇಷ್ಟಪಟ್ಟು ಹೇಳುತ್ತಾರೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಎಲಿಸನ್ ತಾವೇ ಒಂದಕ್ಕಿಂತ ಹೆಚ್ಚು ಸಲ ಪೂರ್ತಿ ತಿದ್ದಿ ಬರೆದುಕೊಟ್ಟರು. ಕೊನೆಯ ತಿದ್ದುಪಡಿ ಅದೇ ವರ್ಷದ ಡಿಸೆಂಬರ್‌ನದು. ಅದೇ ಡಿಸೆಂಬರ್‌ನಲ್ಲಿ ಅವರು ಫ್ರಾಂಕ್ ಹರ್ಬರ್ಟ್, ಥಿಯೊಡೋರ್ ಸ್ಟರ್ಜನ್, ರಾಬರ್ಟ್ ಬ್ಲಾಕ್ ಮುಂತಾದವರನ್ನು ಸೇರಿಸಿಕೊಂಡು, ಸ್ಟಾರ್ ಟ್ರೆಕ್ ನಿಲ್ಲಬಾರದು, ವಾಹಿನಿಗೆ ಪತ್ರ ಬರೆಯಿರಿ ಎಂದು ವಿಜ್ಞಾನ ಕಥೆಗಳ ಓದುಗ ವರ್ಗಕ್ಕೆ ಮನವಿ ಕಳಿಸಿದರು. ಈ ಸರಣಿಯ ಮೇಲೆ ಅವರಿಗಿದ್ದ ಪ್ರೀತಿಯನ್ನು ಮರೆತು ಅವರ ಕೋಪವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ.

ಆ ಕರಡಿನಲ್ಲಿ ಏನಿತ್ತು? ಎಂಟರ್‌ಪ್ರೈಸ್ ನೌಕೆಯಲ್ಲಿ ಬೆಕ್‌ವಿತ್ ಎಂಬ ಅಧಿಕಾರಿ ಇದ್ದಾನೆ. ಸದ್ದು ಹೊಮ್ಮಿಸುವ ರತ್ನಗಳೆಂಬ ಮಾದಕ ವಸ್ತುವನ್ನು ಗುಟ್ಟಾಗಿ ಮಾರುತ್ತಾನೆ. ಅವನಿಂದ ಚಟಕ್ಕೆ ಬಿದ್ದ ಲೆಬೆಕ್ ಎಂಬವನು ಎಲ್ಲವನ್ನೂ ಹೊರಹಾಕಲು ಹೊರಟಾಗ ಬೆಕ್‌ವಿತ್ ಅವನನ್ನು ಕೊಲ್ಲುತ್ತಾನೆ. ಮರಣದಂಡನೆಗಾಗಿ ಅವನನ್ನು ಬರಡು ಗ್ರಹವೊಂದಕ್ಕೆ ಇಳಿಸುತ್ತಾರೆ. ಅಲ್ಲಿ ಬೆಟ್ಟದ ತುದಿಯಲ್ಲಿ ನಿಜಕ್ಕೂ ಒಂದು ನಗರ ಹೊಳೆಯುತ್ತಿದೆ. ಒಂಬತ್ತು ಅಡಿ ಎತ್ತರದ ಮುದುಕರು ಕಾಲದ ಬಾಗಿಲನ್ನು ಕಾಯುತ್ತಿದ್ದಾರೆ. ಬೆಕ್‌ವಿತ್ ತಪ್ಪಿಸಿಕೊಂಡು ಅದರೊಳಗೆ ಹಾರಿಬಿಡುತ್ತಾನೆ. ಕರ್ಕ್ ಮತ್ತು ಜೊತೆಯವರು ನೌಕೆಗೆ ಮರಳಿದರೆ ಅದು ಎಂಟರ್‌ಪ್ರೈಸ್ ಆಗಿ ಉಳಿದಿಲ್ಲ. ಕಾಂಡೋರ್ ಎಂಬ ಹೆಸರಿನಲ್ಲಿ ದರೋಡೆಕೋರರು ಅದನ್ನು ಓಡಿಸುತ್ತಿದ್ದಾರೆ.

1930ಕ್ಕೆ ಹೋದ ಮೇಲೂ ಎಲಿಸನ್ ಕಠೋರರೇ. ಕೆಲಸವಿಲ್ಲದ ಜನರನ್ನು ಹೊರಗಿನವರ ವಿರುದ್ಧ ಕೆರಳಿಸುವ ಬೀದಿ ಭಾಷಣಕಾರನೊಬ್ಬನಿದ್ದಾನೆ. ಆ ಗುಂಪು ಸ್ಪಾಕ್‌ನ ಮೇಲೆ ಬೀಳುತ್ತದೆ. ಟ್ರೂಪರ್ ಎಂಬ ಮಾಜಿ ಸೈನಿಕನಿದ್ದಾನೆ. ವರ್ಡನ್ ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವನು, ಚಕ್ರದ ಹಲಗೆಯ ಮೇಲೆ ಕುಳಿತು ಓಡಾಡುವವನು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಯಾಕೆ ತಿದ್ದಿದರು

ಮೊದಲ ಕಾರಣ ದುಡ್ಡು. ಈ ಕಂತು ತಿದ್ದಿದ ಮೇಲೂ ಸುಮಾರು 2,45,000 ಡಾಲರ್ ನುಂಗಿತು. ಆಗಿನ ಮಾಮೂಲಿ ಕಂತಿನ ಬಜೆಟ್ಟು ಎರಡು ಲಕ್ಷಕ್ಕಿಂತ ಕಡಿಮೆ. ಪೈಲಟ್ ಎನ್ನುವ ಮಾದರಿ ಕಂತುಗಳನ್ನು ಬಿಟ್ಟರೆ ಮೊದಲ ವರ್ಷದ ಅತ್ಯಂತ ದುಬಾರಿ ಕಂತು ಇದೇ. ನಿರ್ದೇಶಕ ಜೋಸೆಫ್ ಪೆವ್ನಿ 1967ರ ಫೆಬ್ರವರಿಯಲ್ಲಿ ಇದನ್ನು ಚಿತ್ರೀಕರಿಸಿದರು. ಹೊರಾಂಗಣಕ್ಕೆ ಕಲ್ವರ್ ಸಿಟಿಯಲ್ಲಿದ್ದ ಹಳೆಯ ಬೀದಿ ಸೆಟ್ಟನ್ನೇ ಬಳಸಿಕೊಂಡರು. ಕರ್ಕ್ ಮತ್ತು ಎಡಿತ್ ನಡೆದುಹೋಗುವಾಗ ಹಿಂದೆ ಫ್ಲಾಯ್ಡ್‌ ಕ್ಷೌರದಂಗಡಿಯ ಬೋರ್ಡು ಕಾಣಿಸುತ್ತದೆ. ಅದು ಆ ಕಾಲದ ಇನ್ನೊಂದು ಜನಪ್ರಿಯ ಹಾಸ್ಯ ಧಾರಾವಾಹಿಯ ಅಂಗಡಿ. ಇಷ್ಟು ಇಕ್ಕಟ್ಟಿನಲ್ಲಿ ಬೆಟ್ಟದ ಮೇಲಿನ ನಗರ, ಎತ್ತರದ ಮುದುಕರು, ದರೋಡೆಕೋರರ ನೌಕೆ ಎಲ್ಲಿಂದ ಬರಬೇಕು?

ಎರಡನೆಯದು, ಎಂಟರ್‌ಪ್ರೈಸ್‌ನ ಸಿಬ್ಬಂದಿ ಮಾದಕ ವಸ್ತು ಮಾರುತ್ತಾರೆ ಎಂಬುದನ್ನು ರಾಡೆನ್‌ಬೆರಿ ಒಪ್ಪಲಿಲ್ಲ. ಅವರ ಕಣ್ಣಲ್ಲಿ 23ನೇ ಶತಮಾನದ ಮನುಷ್ಯ ಅದನ್ನೆಲ್ಲ ದಾಟಿ ಬಂದವನು. ಮೂರನೆಯದು, ಕರ್ಕ್ ಮತ್ತು ಸ್ಪಾಕ್ ಮಾತಾಡುವ ಧಾಟಿ. ಎಲಿಸನ್ ಬರೆಯಲು ಕುಳಿತಾಗ ಆ ಪಾತ್ರಗಳು ಇನ್ನೂ ತೆರೆಯ ಮೇಲೆ ರೂಪುಗೊಂಡಿರಲಿಲ್ಲ. ಚಿತ್ರೀಕರಣದ ಹೊತ್ತಿಗೆ ಇಬ್ಬರ ಸಲಿಗೆ, ಮೌನ, ತುಂಟತನ ಎಲ್ಲವೂ ನಟರ ಮೈಗೆ ಹತ್ತಿತ್ತು. ಧಾರಾವಾಹಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದು ಗೊತ್ತು. ಐದನೇ ಕಂತಿನಲ್ಲಿ ಬರೆದ ಸೊಸೆ ಐವತ್ತನೇ ಕಂತಿಗೆ ಬರುವಷ್ಟರಲ್ಲಿ ಬೇರೆಯೇ ಹೆಂಗಸಾಗಿರುತ್ತಾಳೆ.

ಹೀಗೆ ಸ್ಕ್ರಿಪ್ಟು ಕೈಯಿಂದ ಕೈಗೆ ಹೋಯಿತು. ಸ್ಟೋರಿ ಎಡಿಟರ್ ಸ್ಟೀವನ್ ಕರಬಟ್ಸೊಸ್ ಒಂದು ಸಲ ತಿದ್ದಿದರು. ನಿರ್ಮಾಪಕ ಜೀನ್ ಕೂನ್ ತಿದ್ದಿದರು. ತಂಡದ ಬರಹಗಾರ್ತಿ ಡೊರೊಥಿ ಫಾಂಟಾನಾ ತಿದ್ದಿದರು. ಕೊನೆಗೆ ರಾಡೆನ್‌ಬೆರಿ ತಿದ್ದಿದರು. ಬೆಕ್‌ವಿತ್ ಹೋದ. ಅವನ ಜಾಗಕ್ಕೆ, ಆಕಸ್ಮಿಕವಾಗಿ ಕಾರ್ಡ್ರಜೀನ್ ಎಂಬ ಔಷಧಿ ತನಗೇ ಚುಚ್ಚಿಕೊಂಡು ಹುಚ್ಚು ಹಿಡಿದ ಮೆಕಾಯ್ ಬಂದ. ಎತ್ತರದ ಮುದುಕರ ಬದಲು, ತಾನೇ ಕಾಲದ ಬಾಗಿಲಾದ, ಮಾತಾಡುವ ಒಂದು ಕಲ್ಲಿನ ಬಳೆ ಬಂತು. ನಗರದ ಜಾಗದಲ್ಲಿ ಮುರಿದ ಕಂಬಗಳು ನಿಂತವು. ಎಲಿಸನ್ ಬರೆದದ್ದು ಪ್ರಾಚೀನ ಲಿಪಿ ಕೆತ್ತಿದ ಕಲ್ಲುಗಳ ಬಗ್ಗೆ, ಇಂಗ್ಲಿಷ್‌ನಲ್ಲಿ ಆ ಪದ (ರೂನ್ಸ್) ಪಾಳು ಎಂಬ ಪದಕ್ಕೆ (ರೂಯಿನ್ಸ್) ಹತ್ತಿರವಾಗಿ ಕೇಳಿಸುವುದರಿಂದ ಪಾಳುಬಿದ್ದ ಸೆಟ್ ಹಾಕಿದರು ಎಂದು ಅಭಿಮಾನಿಗಳು ಹೇಳಿಕೊಳ್ಳುತ್ತಾರೆ.

ದುಡ್ಡಿಲ್ಲದೆ ಮಾಡಿದ ಬದಲಾವಣೆ ಕಥೆಗೆ ಒಳ್ಳೆಯದನ್ನೇ ಮಾಡಿದ ಒಂದು ಜಾಗವಿದೆ. ದರೋಡೆಕೋರರ ನೌಕೆ ತೆಗೆದುಹಾಕಿದ ಮೇಲೆ ಏನುಳಿಯಿತು? ಚರಿತ್ರೆ ಬದಲಾಗಿ ನೌಕೆಯೇ ಮಾಯವಾಗಿದೆ, ಆಕಾಶದಲ್ಲಿ ಏನೂ ಇಲ್ಲ. ನೌಕೆಯ ಸಂಪರ್ಕ ಅಧಿಕಾರಿ ಉಹುರಾ ಅದರ ಜೊತೆ ಮಾತಾಡಲು ನೋಡುತ್ತಾಳೆ, ಆ ಕಡೆಯಿಂದ ಉತ್ತರವಿಲ್ಲ. ನನಗೆ ಭಯವಾಗುತ್ತಿದೆ, ಕ್ಯಾಪ್ಟನ್ ಅನ್ನುತ್ತಾಳೆ. ಹೊಡೆದಾಟದ ಸೀನಿಗಿಂತ ಆ ಒಂದು ಮಾತು ಹೊಟ್ಟೆಯೊಳಗೆ ಹೆಚ್ಚು ಚಳಿ ಹುಟ್ಟಿಸುತ್ತದೆ.

ಎಲಿಸನ್‌ಗೆ ಇದ್ಯಾವುದೂ ಹಿಡಿಸಲಿಲ್ಲ. ತಮ್ಮ ಹೆಸರು ತೆಗೆದು ‘ಕಾರ್ಡ್‌ವೇನರ್ ಬರ್ಡ್’ ಎಂಬ ಸುಳ್ಳು ಹೆಸರು ಹಾಕಿ ಎಂದು ಕೇಳಿದರು. ತಮ್ಮ ಬರಹ ಕೆಟ್ಟಿದೆ ಎಂದು ಬಲ್ಲವರಿಗೆ ತಿಳಿಸಲು ಅವರು ಇಟ್ಟುಕೊಂಡಿದ್ದ ಗುರುತು ಅದು. ರಾಡೆನ್‌ಬೆರಿ ಒಪ್ಪಲಿಲ್ಲ.

ಎರಡು ಪ್ರಶಸ್ತಿ, ಒಂದು ಸುಳ್ಳು

1968ರಲ್ಲಿ ಈ ಕಂತಿಗೆ, ವಿಜ್ಞಾನ ಕಥೆಗಳ ಅಭಿಮಾನಿಗಳು ಮತ ಹಾಕಿ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಆ ವರ್ಷ ಆ ವಿಭಾಗದ ಐದೂ ಸ್ಪರ್ಧಿಗಳು ಸ್ಟಾರ್ ಟ್ರೆಕ್ ಕಂತುಗಳೇ. ಅದೇ ಕಥೆಗೆ ಅಮೆರಿಕದ ಚಿತ್ರಕಥೆಗಾರರ ಸಂಘವಾದ ರೈಟರ್ಸ್ ಗಿಲ್ಡ್‌ನ ಪ್ರಶಸ್ತಿಯೂ ಬಂತು. ಅಭಿಮಾನಿಗಳ ವಾದದಲ್ಲಿ ಈ ಎರಡನ್ನೂ ಕಲ್ಲಿನಂತೆ ಎಸೆಯುತ್ತಾರೆ. ಪ್ರಸಾರವಾದದ್ದೇ ಶ್ರೇಷ್ಠ ಅನ್ನುವವರು ಹ್ಯೂಗೊ ತೋರಿಸುತ್ತಾರೆ. ಮೂಲವೇ ಶ್ರೇಷ್ಠ ಅನ್ನುವವರು ಗಿಲ್ಡ್ ತೋರಿಸುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಜಗಳವೇ ಇಲ್ಲ. ಗಿಲ್ಡ್‌ಗೆ ಎಲಿಸನ್ ಕಳಿಸಿದ್ದು ತಮ್ಮ ಸ್ವಂತ ಕರಡನ್ನು, ತೀರ್ಪುಗಾರರು ತೂಗಿದ್ದು ಕಾಗದದ ಮೇಲಿದ್ದದ್ದನ್ನು. ಹ್ಯೂಗೊಗೆ ಮತ ಹಾಕಿದವರು ನೋಡಿದ್ದು ತೆರೆಯ ಮೇಲೆ ಬಂದದ್ದನ್ನು. ಎರಡು ಬೇರೆ ಬೇರೆ ಕೃತಿಗಳಿಗೆ ಬಂದ ಎರಡು ಪ್ರಶಸ್ತಿ ಇವು.

ನಿಜವಾದ ಹುಣ್ಣು ಬೇರೆ ಕಡೆ ಇದೆ. ಮುಂದೆ ಹಲವು ವರ್ಷ ರಾಡೆನ್‌ಬೆರಿ ಸಭೆಗಳಲ್ಲಿ, ಸಂದರ್ಶನಗಳಲ್ಲಿ, ಎಲಿಸನ್ ಸ್ಕ್ರಿಪ್ಟಿನಲ್ಲಿ ನಮ್ಮ ಸ್ಕಾಟಿ ಮಾದಕ ವಸ್ತು ಮಾರುತ್ತಿದ್ದ ಎಂದು ಹೇಳುತ್ತ ಬಂದರು. ನೌಕೆಯ ಎಂಜಿನಿಯರ್ ಆದ ಈ ಸ್ಕಾಟಿ ಆ ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲ. ಮಾರಿದವನು ಬೆಕ್‌ವಿತ್, ಈ ಕಂತಿಗೆಂದೇ ಹುಟ್ಟಿಸಿದ ಪಾತ್ರ. ಆದರೆ ಕೇಳುತ್ತ ಕುಳಿತ ಅಭಿಮಾನಿಗಳ ಕೈಯಲ್ಲಿ ಸ್ಕ್ರಿಪ್ಟ್ ಇರಲಿಲ್ಲ. ಪ್ರೀತಿಯ ಎಂಜಿನಿಯರನನ್ನು ಕಳ್ಳ ವ್ಯಾಪಾರಿ ಮಾಡಲು ಹೊರಟ ಮನುಷ್ಯ ಎಂದು ಅವರು ಎಲಿಸನ್ ಮೇಲೆ ಕೋಪ ಮಾಡಿಕೊಂಡರು. ಓದದೇ ಇದ್ದ ಪಠ್ಯದ ಮೇಲೆ ತೀರ್ಪು ಬಂದಾಗಿತ್ತು.

ಎಲಿಸನ್ ಸಿಟ್ಟಿನ ಮನುಷ್ಯ ಎಂಬುದು ನಿಜ. ಅವರ ಮಾತು ಎಷ್ಟೋ ಸಲ ಮಿತಿ ಮೀರಿತು. ಆದರೂ ಈ ಒಂದು ವಿಷಯದಲ್ಲಿ ಸಿಟ್ಟಾಗಲು ಅವರಿಗೆ ಪೂರ್ಣ ಹಕ್ಕಿತ್ತು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸೀನು ತಿದ್ದುವುದು ನಮ್ಮ ಕಸುಬಿನ ಭಾಗ. ದುಡ್ಡಿಲ್ಲ, ಸಮಯವಿಲ್ಲ, ನಾಯಕನಿಗೆ ಹೊಂದುವುದಿಲ್ಲ, ಇವೆಲ್ಲ ಒಪ್ಪುವ ಕಾರಣಗಳು. ಬರೆದವನು ಬರೆಯದೇ ಇದ್ದದ್ದನ್ನು ಬರೆದ ಎಂದು ಊರೆಲ್ಲ ಹೇಳಿಕೊಂಡು ಬರುವುದಕ್ಕೆ ಯಾವ ಬಜೆಟ್ಟೂ ಕಾರಣವಾಗದು.

ಮೂಲ ಪಠ್ಯ 1976ರಲ್ಲಿ ಒಂದು ಸಂಕಲನದಲ್ಲಿ ಅಚ್ಚಾಯಿತು. 1996ರಲ್ಲಿ ಎಲಿಸನ್ ಅದನ್ನು ದೀರ್ಘ ಮುನ್ನುಡಿಯೊಂದಿಗೆ ಪುಸ್ತಕವಾಗಿ ತಂದ ಮೇಲೆ ಚೆನ್ನಾಗಿ ಹರಡಿತು. 2014ರಲ್ಲಿ ಕಾಮಿಕ್ಸ್ ರೂಪದಲ್ಲಿ ಐದು ಸಂಚಿಕೆಗಳಾಗಿ ಬಂತು, ಬೆಕ್‌ವಿತ್‌ಗೆ, ಟ್ರೂಪರ್‌ಗೆ ಮುಖ ಸಿಕ್ಕಿತು. ಇನ್ನೊಂದು ಸ್ವಾರಸ್ಯವಿದೆ. 1968ರಲ್ಲೇ ಜೇಮ್ಸ್ ಬ್ಲಿಶ್ ಈ ಕಂತನ್ನು ಕಥೆಯಾಗಿ ಬರೆದಾಗ ಎರಡೂ ಸ್ಕ್ರಿಪ್ಟುಗಳಿಂದ ಆಯ್ದುಕೊಂಡು ಹೆಣೆದಿದ್ದರು. ಹಾಗಾಗಿ ಪುಸ್ತಕ ಓದಿ ಬೆಳೆದ ಅಭಿಮಾನಿಗಳ ನೆನಪಿನಲ್ಲಿ ಎರಡರಲ್ಲೂ ಪೂರ್ತಿಯಾಗಿ ಇಲ್ಲದ ಮೂರನೆಯ ಕಥೆಯೊಂದು ಉಳಿದುಬಿಟ್ಟಿತು. ಎಷ್ಟೋ ವಾದಗಳಲ್ಲಿ ಒಬ್ಬರು ನೋಡಿದ್ದನ್ನು ಹೇಳುತ್ತಿರುತ್ತಾರೆ, ಇನ್ನೊಬ್ಬರು ಬ್ಲಿಶ್ ಬರೆದದ್ದನ್ನು.

ಯಾರು ತಡೆದರು

ಮೂಲದ ಪರ ಇರುವವರ ಗಟ್ಟಿಯಾದ ಮಾತು ಇದು: ಎಲಿಸನ್ ಬರೆದ ಕರ್ಕ್ ಮನುಷ್ಯ. ಲೋಕವೆಲ್ಲ ಒಂದು ತಟ್ಟೆಯಲ್ಲಿ, ಅವಳು ಇನ್ನೊಂದರಲ್ಲಿ. ತಕ್ಕಡಿ ಅವಳ ಕಡೆ ವಾಲುತ್ತದೆ. ಅವಳನ್ನು ಸಾಯಬಿಡಲು ಅವನ ಕೈಯಲ್ಲಿ ಆಗುವುದಿಲ್ಲ. ಆ ಕೆಲಸ ಸ್ಪಾಕ್ ಮಾಡಬೇಕಾಗುತ್ತದೆ. ಆಮೇಲೆ ನೌಕೆಯಲ್ಲಿ, ಭಾವನೆಯನ್ನೇ ಅರಿಯನು ಎಂದು ನಾವು ತಿಳಿದಿದ್ದ ಸ್ಪಾಕ್ ಬಂದು ಕರ್ಕ್‌ನನ್ನು ಸಂತೈಸುತ್ತಾನೆ. ಪ್ರೀತಿಗಾಗಿ ಇಡೀ ವಿಶ್ವವನ್ನೇ ಕೊಡಲು ಹೊರಟವನು ನೀನು ಎಂಬರ್ಥದ ಮಾತಾಡುತ್ತಾನೆ. ಅದನ್ನು ಓದುವಾಗ ಗಂಟಲು ಕಟ್ಟುತ್ತದೆ, ಸುಳ್ಳು ಹೇಳಲಾರೆ. ಕೊಲೆಗಾರ ಬೆಕ್‌ವಿತ್ ಒಬ್ಬಳನ್ನು ಉಳಿಸಲು ಯಾಕೆ ಮುನ್ನುಗ್ಗಿದ ಎಂಬ ಒಗಟೂ ಅಲ್ಲಿದೆ.

ಆದರೂ ನಾನು ಪ್ರಸಾರವಾದದ್ದರ ಕಡೆ ನಿಲ್ಲುತ್ತೇನೆ. ನನ್ನ ಕಾರಣ ಒಂದು ಮಹಡಿ ಮೆಟ್ಟಿಲಿನ ಮೇಲಿದೆ. ಆ ಹೊತ್ತಿಗೆ ಸ್ಪಾಕ್ ಹಳೆಯ ರೇಡಿಯೋ ವಾಲ್ವುಗಳನ್ನು ಜೋಡಿಸಿ ಮಾಡಿದ ಯಂತ್ರದಲ್ಲಿ ಎರಡು ಭವಿಷ್ಯವನ್ನು ನೋಡಿ ಮುಗಿಸಿದ್ದಾನೆ. ಒಂದರಲ್ಲಿ 1930ರಲ್ಲೇ ಎಡಿತ್ ಸಾಯುತ್ತಾಳೆ. ಇನ್ನೊಂದರಲ್ಲಿ 1936ರಲ್ಲಿ ಅಧ್ಯಕ್ಷರೇ ಅವಳ ಜೊತೆ ಸಮಾಲೋಚನೆ ಮಾಡುತ್ತಾರೆ, ಅವಳ ಶಾಂತಿ ಚಳವಳಿ ಅಮೆರಿಕವನ್ನು ಯುದ್ಧಕ್ಕೆ ಇಳಿಯದಂತೆ ತಡೆದು ನಿಲ್ಲಿಸುತ್ತದೆ, ಆ ಸಂದಿನಲ್ಲಿ ಜರ್ಮನಿ ಅಣುಬಾಂಬು ಮಾಡಿಕೊಳ್ಳುತ್ತದೆ. ಅವಳು ಸಾಯಲೇಬೇಕು ಎಂದು ಸ್ಪಾಕ್ ಹೇಳಿಯಾಗಿದೆ. ಇದಾದ ಮೇಲೆ ಒಂದು ಸಂಜೆ ಎಡಿತ್ ಮೆಟ್ಟಿಲಿನಲ್ಲಿ ಎಡವುತ್ತಾಳೆ. ಕರ್ಕ್ ತಟ್ಟನೆ ಹಿಡಿದುಕೊಳ್ಳುತ್ತಾನೆ. ಅವಳು ನಗುತ್ತ ಮೇಲೆ ಹೋಗುತ್ತಾಳೆ. ಸ್ಪಾಕ್ ನೋಡುತ್ತ ನಿಂತಿದ್ದಾನೆ. ನೀನು ಹಿಡಿಯದಿದ್ದರೆ ಅವಳು ಅಲ್ಲೇ ಸಾಯಬಹುದಿತ್ತು ಎಂದು ತಣ್ಣಗೆ ಹೇಳುತ್ತಾನೆ. ಇನ್ನೂ ಸಮಯ ಬಂದಿಲ್ಲ, ಮೆಕಾಯ್ ಇಲ್ಲಿಲ್ಲ ಎಂದು ಕರ್ಕ್ ನೆಪ ಹುಡುಕುತ್ತಾನೆ.

ಆ ಕೈಯನ್ನು ನೋಡಿ. ಯೋಚಿಸುವ ಮೊದಲೇ ಹಿಡಿಯುವ ಕೈ ಅದು. ಅದೇ ಕೈ ರಸ್ತೆಯಲ್ಲಿ ಮೆಕಾಯ್‌ನನ್ನು ಹಿಡಿಯುತ್ತದೆ. ಮೊದಲ ಸಲ ಅವಳನ್ನು ಉಳಿಸಲು, ಎರಡನೇ ಸಲ ಅವಳನ್ನು ಉಳಿಸುವವನನ್ನು ತಡೆಯಲು. ಇದು ಕೂಡಿಬರಲು ತಡೆಸಿಕೊಳ್ಳುವವನು ಸ್ನೇಹಿತನೇ ಆಗಿರಬೇಕು, ಜೀವ ಉಳಿಸುವುದನ್ನೇ ಕಸುಬು ಮಾಡಿಕೊಂಡ ಡಾಕ್ಟರನೇ ಆಗಿರಬೇಕು. ಬೆಕ್‌ವಿತ್ ತಡೆಸಿಕೊಂಡರೆ ನಮಗೆ ಒಗಟು ಉಳಿಯುತ್ತದೆ. ಮೆಕಾಯ್ ತಡೆಸಿಕೊಂಡರೆ ಅವನ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಕರ್ಕ್ ಬಳಿ ಉತ್ತರವಿಲ್ಲ. ಮೂವರೂ ತಮ್ಮ ಕಾಲಕ್ಕೆ ಮರಳುತ್ತಾರೆ. ಮತ್ತೆ ಎಲ್ಲ ಮೊದಲಿನಂತಾಗಿದೆ, ಇಂಥ ಎಷ್ಟೋ ಯಾನ ಸಾಧ್ಯ ಎಂದು ಆ ಕಲ್ಲು ಆಮಿಷ ಒಡ್ಡುತ್ತದೆ. ಕರ್ಕ್ ಹೇಳುವುದು ಒಂದೇ: ಈ ನರಕದಿಂದ ಮೊದಲು ಹೊರಡೋಣ. ಆ ಪದ ಆಗಿನ ಅಮೆರಿಕನ್ ಟೀವಿಯಲ್ಲಿ ಕೇಳಿಬರುತ್ತಿದ್ದದ್ದೇ ಅಪರೂಪ.

ಕಂತಿನ ರಾಜಕೀಯದ ಬಗ್ಗೆಯೂ ವಾದವಿದೆ. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ 1967ರಲ್ಲಿ, ಶಾಂತಿ ಬಯಸಿದವಳು ಸತ್ತರೇ ಲೋಕ ಉಳಿಯುತ್ತದೆ ಎಂದು ತೋರಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕಂತಿನೊಳಗೇ ಕರ್ಕ್ ಅವಳು ಹೇಳಿದ್ದು ಸರಿ ಅನ್ನುತ್ತಾನೆ, ಸರಿ ಆದರೆ ತಪ್ಪು ಕಾಲದಲ್ಲಿ ಎಂದು ಸ್ಪಾಕ್ ಸೇರಿಸುತ್ತಾನೆ. ನನಗೆ ಆ ಉತ್ತರ ಸಾಲದು. ಯಾವ ಸರ್ಕಾರ ಬೇಕಾದರೂ ಯಾವ ವರ್ಷ ಬೇಕಾದರೂ ಹೇಳಬಹುದಾದ ಮಾತು ಅದು.

ಟ್ರೂಪರ್

ತಿದ್ದುಪಡಿಯಲ್ಲಿ ಕಳೆದುಹೋದದ್ದರಲ್ಲಿ ನನಗೆ ನಿಜಕ್ಕೂ ನೋವಾಗುವುದು ಕಾಲಿಲ್ಲದ ಈ ಸೈನಿಕನ ವಿಷಯಕ್ಕೆ. ಎಲಿಸನ್ ಸ್ಕ್ರಿಪ್ಟಿನಲ್ಲಿ ಅವನು ಕರ್ಕ್‌ಗೆ ನೆರವಾಗುತ್ತಾನೆ, ಬೆಕ್‌ವಿತ್ ಹಾರಿಸಿದ ಫೇಸರ್ ಎಂಬ ಕಿರಣದ ಆಯುಧಕ್ಕೆ ಸಿಕ್ಕಿ ಸಾಯುತ್ತಾನೆ. ಎಡಿತ್ ಸತ್ತರೆ ಚರಿತ್ರೆ ಉಳಿಯುತ್ತದೆ, ಬದುಕಿದರೆ ಮುಳುಗುತ್ತದೆ. ಟ್ರೂಪರ್ ಸತ್ತರೂ ಬದುಕಿದರೂ ಚರಿತ್ರೆ ಒಂದು ಕೂದಲೂ ಕೊಂಕುವುದಿಲ್ಲ. ಕಾಲದ ಲೆಕ್ಕಪುಸ್ತಕದಲ್ಲಿ ಅವನ ಹೆಸರಿಲ್ಲ. ಎಡಿತ್‌ಳ ಸಾವಿನ ಪಕ್ಕದಲ್ಲೇ ಎಲಿಸನ್ ಈ ಸಾವನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಪ್ರಸಾರವಾದ ಕಂತಿನಲ್ಲಿ ಅವನ ನೆರಳು ಮಾತ್ರ ಉಳಿದಿದೆ ಎಂದು ನನಗೆ ಅನಿಸುತ್ತದೆ. ಹಾಲಿನ ಬಾಟಲಿ ಕದ್ದುಕೊಂಡು ಬರುವ ಒಬ್ಬ ಬಡಕಲು ಮನುಷ್ಯ ಹುಚ್ಚು ಹಿಡಿದ ಮೆಕಾಯ್ ಕೈಗೆ ಸಿಗುತ್ತಾನೆ. ಮೆಕಾಯ್ ಕುಸಿದು ಬಿದ್ದ ಮೇಲೆ ಜೇಬು ತಡಕಿ ಫೇಸರ್ ಎತ್ತಿಕೊಳ್ಳುತ್ತಾನೆ. ಅದೇನೆಂದು ತಿಳಿಯದೆ ಒತ್ತುತ್ತಾನೆ. ಅದು ತಾನೇ ಉರಿಯತೊಡಗಿ ಅವನು ಇದ್ದ ಜಾಗದಲ್ಲಿ ಬರೀ ಬೆಳಕು ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಕ್ಯಾಮೆರಾ ಮುಂದಕ್ಕೆ ಹೋಗಿಬಿಡುತ್ತದೆ. ಆ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಕರ್ಕ್‌ಗೆ, ಸ್ಪಾಕ್‌ಗೆ ಅದು ಗೊತ್ತೇ ಆಗುವುದಿಲ್ಲ. ಅವನ ಪಾತ್ರಕ್ಕೆ ಸರಿಯಾದ ಹೆಸರೂ ಇಲ್ಲ, ಹೆಗ್ಗಣ ಎಂಬರ್ಥದ ಪದವಿದೆ. ಭವಿಷ್ಯದ ಆಯುಧದಿಂದ 1930ರ ಒಬ್ಬ ಮನುಷ್ಯ ಸತ್ತ, ಚರಿತ್ರೆ ಅಲುಗಲಿಲ್ಲ. ಮೂಲವನ್ನು ಓದದವರು ಇದನ್ನು ಕಥೆಯ ತೂತು ಎಂದು ತೋರಿಸುತ್ತಾರೆ. ಓದಿದವರಿಗೆ ಅಲ್ಲಿ ಇನ್ನೊಬ್ಬ ಕುಳಿತಿದ್ದ ಜಾಗ ಕಾಣುತ್ತದೆ.

ಹೇಳದೆ ಉಳಿದ ಕೈ

ತಿದ್ದಿದವರ ಪೈಕಿ ಫಾಂಟಾನಾ ಎಲಿಸನ್‌ರ ಸ್ನೇಹಿತೆ. ತಾನೂ ತಿದ್ದಿದ್ದೇನೆ ಎಂದು ಅವರು ಹೇಳಲಿಲ್ಲ. ವರ್ಷಗಟ್ಟಲೆ ಎಲಿಸನ್ ಬೈಯುತ್ತಿದ್ದದ್ದು ಬೇರೆಯವರನ್ನು. ಕೊನೆಗೆ 1996ರ ಆ ಪುಸ್ತಕದಲ್ಲೇ, ಹಿನ್ನುಡಿಯ ಭಾಗದಲ್ಲಿ, ಫಾಂಟಾನಾ ನಡೆದದ್ದನ್ನು ಬರೆದರು. ಆ ಹೊತ್ತಿಗೆ ಕೂನ್ ತೀರಿಕೊಂಡು 23 ವರ್ಷವಾಗಿತ್ತು, ರಾಡೆನ್‌ಬೆರಿ ತೀರಿಕೊಂಡು ಐದು. ತಮ್ಮ ಸ್ಕ್ರಿಪ್ಟನ್ನು ತಿದ್ದಿದವರು ಅದನ್ನು ಒಪ್ಪಿಕೊಂಡ ಮಾತನ್ನು ತಮ್ಮದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದವರು ಎಲಿಸನ್. ಜಗಳಗಂಟ ಎಂದು ಅವರನ್ನು ನೆನೆಯುವವರು ಈ ಪುಟಗಳನ್ನೂ ನೆನೆಯಬೇಕು.

ನಾನು ಆ ಹಿನ್ನುಡಿಯ ಬಗ್ಗೆ ತಿಳಿದ ದಿನ ಬೇರೇನೂ ಬರೆಯಲಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಹಿರಿಯರೊಬ್ಬರ ಸೀನನ್ನು ಹೀಗೇ ರಾತ್ರೋರಾತ್ರಿ ತಿದ್ದಿದ್ದೆ. ಮಗಳನ್ನು ಕರೆದೊಯ್ಯಲು ಬಂದ ಅಪ್ಪ ಬೀಗರ ಮನೆಯ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಳಗೆ ಬಾರದೆ ಹೊರಟುಹೋಗುತ್ತಾನೆ. ಅವರು ಬರೆದಂತೆ ಇಡೀ ಸೀನಿನಲ್ಲಿ ಮಾತೇ ಇರಲಿಲ್ಲ. ಮಾತಿಲ್ಲದ ಸೀನು ಬೇಡ ಎಂದು ಮೇಲಿನಿಂದ ಬಂತು. ಬೆಳಿಗ್ಗೆ ಏಳಕ್ಕೆ ಶೂಟಿಂಗ್. ಮಗಳು ಜಗಲಿಯಿಂದ ‘ಅಪ್ಪಾ, ಊಟ ಮಾಡ್ಕೊಂಡು ಹೋಗು’ ಎಂದು ಕೂಗುವ ಒಂದು ಸಾಲು ಸೇರಿಸಿದೆ. ಆ ಕಂತು ಚೆನ್ನಾಗಿ ಹೋಯಿತು. ಜನ ಅವರಿಗೆ ಫೋನ್ ಮಾಡಿ ಆ ಸಾಲನ್ನೇ ಹೊಗಳಿದರು. ಅವರು ಆಮೇಲೆ ಆ ಧಾರಾವಾಹಿ ಬಿಟ್ಟರು. ನಾನು ಸುಮ್ಮನಿದ್ದೆ.

ಕಳೆದ ತಿಂಗಳು ಅವರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಆ ಕೂಗೋ ಸಾಲು ನಿಂದಾ?”

“ಹೌದು ಸಾರ್.”

“ಅದು ಇರ್ಲಿ. ಅಪ್ಪ ತಿರುಗಿ ನೋಡಬಾರದಿತ್ತು ಕಣಯ್ಯ. ಅದನ್ನೂ ನೀನೇ ಬರೆದೆಯಾ?”

ನಾನು ಬರೆದಿರಲಿಲ್ಲ. ಅದು ಸೆಟ್‌ನಲ್ಲಿ ಸೇರಿದ್ದು. ಹಾಗೆಂದು ಹೇಳಿದೆ. ಆಮೇಲೆ ಅವರು ಆ ಅಪ್ಪ ಯಾಕೆ ತಿರುಗಬಾರದಿತ್ತು ಎಂದು ಮುಕ್ಕಾಲು ಗಂಟೆ ಮಾತಾಡಿದರು.